ಮಾವನ ಕಾರಿನ ಗಾಳಿಕಿಂಡಿ

ನಮ್ಮ ಮನೆಯ ಮಿಕ್ಸಿಯನ್ನು ಬಿಚ್ಚಿ ಮತ್ತೆ ಜೋಡಿಸಿದವನು ನಾನು. ಜೋಡಿಸಿದ ಮೇಲೆ ಎರಡು ಸ್ಕ್ರೂ ಉಳಿದದ್ದು ನಿಜ. ಆದರೆ ಮಿಕ್ಸಿ ತಿರುಗಿತು! ಅಂದಿನಿಂದ ಯಂತ್ರಲೋಕದಲ್ಲಿ ನನಗೆ ಅಸಾಧ್ಯವಾದದ್ದು ಯಾವುದೂ ಇಲ್ಲವೆಂಬ ನಂಬಿಕೆ ನನ್ನಲ್ಲಿ ಗಟ್ಟಿಯಾಗಿತ್ತು. ಕೊಪ್ಪದಲ್ಲಿ ನನ್ನದು ಬಟ್ಟೆ ಅಂಗಡಿ. ಬಟ್ಟೆ ಅಳೆಯುವ ಕೈಗೆ ಸ್ಪ್ಯಾನರ್ ಏನು ಮಹಾ ಭಾರ?

ನನ್ನ ಮಾವ ರುದ್ರಪ್ಪನವರು ನರಸಿಂಹರಾಜಪುರದಲ್ಲಿ ಅಡಿಕೆ ವ್ಯಾಪಾರ ಮಾಡಿಕೊಂಡಿದ್ದವರು. ಅತ್ತೆ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದರು. ಅವರ ಹಿಂದೆಯೇ ಅವರ ಕಾರೂ ಬಂತು. ಕಾರು ವಯಸ್ಸಿನಲ್ಲಿ ನನಗಿಂತ ಹಿರಿದು. ಅದರ ವಿಶೇಷವೆಂದರೆ ಗಾಳಿಕಿಂಡಿ. ಮುಂದಿನ ಗಾಜಿನ ಬುಡದಲ್ಲಿ ಒಂದು ಮುಚ್ಚಳ. ಡ್ಯಾಶ್‌ಬೋರ್ಡಿನ ಕೆಳಗಿನ ಲಿವರ್ ತಳ್ಳಿದರೆ ಮುಚ್ಚಳ ಬಾಯಿ ತೆರೆಯುತ್ತಿತ್ತು. ಎದುರುಗಾಳಿ ಒಳಗೆ ನುಗ್ಗಿ ಡ್ಯಾಶ್‌ಬೋರ್ಡಿನ ಅಡಿಯಿಂದ ಮುಂದೆ ಕೂತವರ ಎದೆಗೆ ಬಡಿಯುತ್ತಿತ್ತು. ಈಗ ಲಿವರಿನ ಸರಳು ಮುರಿದಿತ್ತು, ಮುಚ್ಚಳದ ಅಂಚಿನ ರಬ್ಬರ್ ಪುಡಿಯಾಗಿತ್ತು.

ಮಾವನಿಗೆ ಉಬ್ಬಸ. ಆ ವರ್ಷ ಅದು ಹೆಚ್ಚಾಯಿತು. ಮಳೆಗಾಲ ದಾಟಿಸುವುದು ಕಷ್ಟ ಎಂದು ಡಾಕ್ಟರು ನನ್ನನ್ನೂ ನನ್ನ ಹೆಂಡತಿಯನ್ನೂ ಹೊರಗೆ ಕರೆದು ಹೇಳಿದ್ದರು. ಹೀಗಿರುವಾಗ ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ಮಾವ ಬಾಯಿಬಿಟ್ಟರು.

“ಒಂದ್ಸಲ ನೆಮ್ಮಾರಿಗೆ ಹೋಗ್ಬರಣ ಮಾರಾಯ್ರೇ. ಅವ್ಳ ಊರು. ಮದುವೆ ಆದ ಹೊಸ್ತರಲ್ಲಿ ಶೃಂಗೇರಿ ದಾಟಿದ್ ಕೂಡ್ಲೇ ‘ಆ ಕಿಂಡಿ ತೆಗೀರಿ’ ಅಂತಿದ್ಲು. ಆ ಗಾಳಿ ಒಂದ್ಸಲ ಬೇಕಿತ್ತು.”

“ಕಿಟಕಿ ಇಳಿಸಿದ್ರೆ ಆಗಲ್ವಾ ಅಪ್ಪಾಜಿ?” ಎಂದಳು ನನ್ನ ಹೆಂಡತಿ ಗಿರಿಜ.

“ಕಿಟಕಿ ಗಾಳಿ ಕಿವಿಗೆ ಹೊಡೀತದೆ ಮಗಾ. ಅದು ಎದೆಗೆ ಬರ್ತದೆ.”

ಗಿರಿಜ ನನ್ನತ್ತ ತಿರುಗಿದಳು. “ಗ್ಯಾರೇಜಿಗೆ ಬಿಟ್ಬನ್ನಿ.”

“ಗ್ಯಾರೇಜು ಯಾಕೆ? ನಾನಿದೀನಲ್ಲ!”

“ಅದೇ ಭಯ,” ಎಂದಳು.

ಮುರಿದ ಸರಳಿನ ಜಾಗಕ್ಕೆ ಸೈಕಲ್ ಬ್ರೇಕಿನ ತಂತಿ ಕಟ್ಟಿದೆ. ಪುಡಿಯಾದ ರಬ್ಬರಿಗೆ ಬದಲು ನನ್ನ ಹಳೆಯ ಹವಾಯಿ ಚಪ್ಪಲಿಯನ್ನು ಸೀಳಿದೆ. ಅದನ್ನು ಅಂಟಿಸಲು ಏನು? ನಮ್ಮ ಕಡೆ ತೂತಾದ ಕೊಡಕ್ಕೂ ಸೀಳುಬಿಟ್ಟ ಮರದ ಮರಿಗೆಗೂ ಒಂದೇ ಔಷಧಿ: ಹಲಸಿನ ಮೇಣ. ಅಂಗಳದಲ್ಲಿ ಒಲೆ ಹೂಡಿ ಮೇಣ ಕಾಯಿಸತೊಡಗಿದೆ. ಬಸರೀಕಟ್ಟೆಗೆ ಜೀಪು ಓಡಿಸುವ ಪಕ್ಕದ ಮನೆಯ ಸೀನಣ್ಣ ಬೇಲಿಯ ಮೇಲಿಂದ ಇಣುಕಿದ.

“ಎಂತ ಮಾರಾಯ್ರೇ, ಜೋನಿಬೆಲ್ಲ ಕಾಯಿಸ್ತಿದೀರಾ?”

“ಮೇಣ. ಕಾರಿಗೆ.”

“ಕಾರಿಗಾ!” ಎಂದವನೇ ನನ್ನ ಬರಿಗೈ ನೋಡಿ, “ಎಣ್ಣೆ ಸವರ್ಕಂಡ್ರಾ?” ಎಂದ.

ಹಲಸಿನಹಣ್ಣು ಕೊಯ್ಯುವ ಮೊದಲು ಕೈಗೂ ಕತ್ತಿಗೂ ಎಣ್ಣೆ ಸವರಿಕೊಳ್ಳಬೇಕೆಂದು ನಮ್ಮೂರಿನ ಹಸುಗೂಸಿಗೂ ಗೊತ್ತು. ಆದರೆ ಇದು ಹಣ್ಣಲ್ಲ, ಇಂಜಿನಿಯರಿಂಗ್! ಸೀನಣ್ಣನ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದು ಮುನ್ನೆಚ್ಚರಿಕೆಯನ್ನು ಮಾತ್ರ ವಹಿಸಿದೆ. ಮೇಣ ಸೋರಿ ಮಾವನ ಸೀಟಿಗೆ ಬೀಳಬಾರದಲ್ಲ? ಬಟ್ಟೆ ಅಂಗಡಿಯವನಿಗೆ ಎಲ್ಲ ರೋಗಕ್ಕೂ ಬಟ್ಟೆಯೇ ಮದ್ದು. ಅಂಗಡಿಯಿಂದ ನೀಲಿ ಚೌಕುಳಿಯ ಶರ್ಟ್ ಪೀಸೊಂದನ್ನು ತಂದು, ಡ್ಯಾಶ್‌ಬೋರ್ಡಿನ ಕೆಳಗಿನಿಂದ ಗಾಳಿಯ ದಾರಿಗೆ ಗಿಡಿದು ತುಂಬಿದೆ. ಆಮೇಲೆ ಮೇಲಿನಿಂದ ಅಂಚಿಗೆಲ್ಲ ಮೇಣ ಬಳಿದು, ಚಪ್ಪಲಿ ರಬ್ಬರ್ ಕೂರಿಸಿ, ಮುಚ್ಚಳವನ್ನು ಎರಡೂ ಕೈಯಿಂದ ಒತ್ತಿ ಹಿಡಿದೆ.

ರಬ್ಬರ್ ಅಂಟಿತು. ಮುಚ್ಚಳವೂ ಅಂಟಿತು. ನಾನೂ ಅಂಟಿದೆ!

ನನ್ನ ಕೂಗಿಗೆ ಗಿರಿಜ ಕೊಬ್ಬರಿ ಎಣ್ಣೆಯ ಬಾಟಲಿ ಹಿಡಿದು ಓಡಿಬಂದಳು. “ಮೊದ್ಲು ಗಂಡನ್ನ ಬಿಡಿಸ್ಕಂತೀನಿ, ಮುಚ್ಚಳ ಆಮೇಲೆ ನೋಡಣ,” ಎಂದಳು. ಗಂಡ ಬಿಟ್ಟ. ಮುಚ್ಚಳ ಬಿಡಲಿಲ್ಲ. ಲಿವರ್ ತಳ್ಳಿದೆ, ಬ್ರೇಕಿನ ತಂತಿ ಟಣ್ ಎಂದು ಹರಿಯಿತು. ದೋಸೆ ಎಬ್ಬಿಸುವ ಸಟ್ಟುಗ ತಂದು ಮೀಟಿದೆ, ಸಟ್ಟುಗವೇ ಬಾಗಿತು. ಜಗಲಿಯಲ್ಲಿ ಕೂತಿದ್ದ ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ಗಿರಿಜ ಅವರ ಬೆನ್ನು ನೀವುತ್ತಾ ಮುಖ ಆಚೆ ತಿರುಗಿಸಿಕೊಂಡಳು. ಈ ಕೆಲಸ ಬೇಗ ಮುಗಿಯಲೇಬೇಕಿತ್ತು.

ಬಾಟಲಿ ಎಣ್ಣೆ ಖಾಲಿಯಾಗುವಷ್ಟರಲ್ಲಿ ಮುಚ್ಚಳ ಕಚಕ್ ಎಂದು ಮೇಲೆದ್ದಿತು. ಹೊಸ ತಂತಿ ಕಟ್ಟಿ ಲಿವರ್ ತಳ್ಳಿದೆ. ತೆರೆಯಿತು! ಎಳೆದೆ. ಮುಚ್ಚಿತು! ಊರಿಗೆಲ್ಲ ಕೇಳುವಂತೆ ಹಾರ್ನ್ ಬಾರಿಸಿದೆ.

ಮರುದಿನವೇ ಹೊರಟೆವು. ಮುಂದಿನ ಸೀಟಿನಲ್ಲಿ ಮಫ್ಲರ್ ಸುತ್ತಿಕೊಂಡ ಮಾವ, ಹಿಂದೆ ಗಿರಿಜ. ಶೃಂಗೇರಿ ದಾಟಿತು. ಕಾಡಿನ ನೆರಳು ರಸ್ತೆಗೆ ಬಿದ್ದ ಕೂಡಲೇ ನಾನು ಉದ್ಘಾಟನೆಗೆ ಬಂದ ಮಂತ್ರಿಯ ಗತ್ತಿನಲ್ಲಿ ಲಿವರ್ ತಳ್ಳಿದೆ.

“ಬಂತಾ ಮಾವ?”

ಅವರು ತಮ್ಮ ಮೊಣಕಾಲಿನ ಹತ್ತಿರ ಕೈಯಾಡಿಸಿದರು. ನನ್ನ ಮುಖ ನೋಡಿದರು. ಆಮೇಲೆ ಕಣ್ಣು ಮುಚ್ಚಿ ಹಿಂದಕ್ಕೆ ಒರಗಿದರು.

“ಬಂತು ಮಾರಾಯ್ರೇ. ಏನ್ ತಂಪು! ಹಂಗೇ ಇದೆ ನೋಡಿ.”

ಗಿರಿಜ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನ ಎದೆಯಂತೂ ಸ್ಟೀರಿಂಗಿಗೆ ತಾಗುವಷ್ಟು ಉಬ್ಬಿತು. ಆಗ ನಮ್ಮ ಕಡೆಗೆ ಮೊಬೈಲ್ ಬಂದ ಹೊಸತು. ವಾಪಸು ಬರುವಾಗ ಸಿಗ್ನಲ್ ಸಿಕ್ಕ ಮೊದಲ ದಿಬ್ಬದಲ್ಲೇ ಕಾರು ನಿಲ್ಲಿಸಿ, “ಎಣ್ಣೆ ಇಲ್ದೇನೂ ಆಗ್ತದೆ ಕಣೋ!” ಎಂದು ಸೀನಣ್ಣನಿಗೆ ಕೂಗಿ ಹೇಳಿದೆ.

ಆ ಮಳೆಗಾಲದಲ್ಲೇ ಮಾವ ತೀರಿಕೊಂಡರು. ನಾನು ಸಣ್ಣವನಿದ್ದಾಗಲೇ ನನ್ನ ಅಪ್ಪ ಹೋಗಿದ್ದರು. ಎರಡನೇ ಸಲ ಅಪ್ಪನನ್ನು ಕಳೆದುಕೊಂಡ ಹಾಗಾಯಿತು. ಒಂದೇ ಸಮಾಧಾನವೆಂದರೆ ಅವರ ಕೊನೆಯ ಆಸೆಯನ್ನು ನನ್ನ ಕೈಯಾರೆ ತೀರಿಸಿದ್ದೆ. ಶಿವಗಣಾರಾಧನೆಗೆ ಬಂದ ನೆಂಟರಿಗೆಲ್ಲ, ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಗಾಳಿಕಿಂಡಿಯ ಕಥೆ ಹೇಳಿದೆ. ಹೇಳುವ ಭರದಲ್ಲಿ ಎಷ್ಟೋ ಜನರಿಗೆ ಬಟ್ಟೆಯನ್ನು ಗೇಣು ಹೆಚ್ಚೇ ಅಳೆದು ಕೊಟ್ಟೆ.

ಮಳೆ ಬಿಟ್ಟ ಮೇಲೆ ಒಂದು ದಿನ ಗಿರಿಜ ಕಾರು ಗುಡಿಸುತ್ತಿದ್ದಳು.

“ಏನ್ರೀ, ಇಲ್ಲಿ ಎಂತದೋ ನೇತಾಡ್ತಿದೆ.”

ಬಗ್ಗಿ ನೋಡಿದೆ. ಮಾವ ಕೂತಿದ್ದ ಸೀಟಿನ ಎದುರು ಡ್ಯಾಶ್‌ಬೋರ್ಡಿನ ಕೆಳಗೆ ನೀಲಿ ಚೌಕುಳಿಯ ತುದಿ. ಅವಳು ಎಳೆದಳು. ಬಂತು. ಇನ್ನೂ ಬಂತು. ಮೇಣ ಮೆತ್ತಿಕೊಂಡ ಇಡೀ ಶರ್ಟ್ ಪೀಸು ಹೊರಗೆ ಬಂತು. ಅದನ್ನು ದಾಟಿ ಗಾಳಿಯಿರಲಿ, ಇರುವೆಯೂ ಬರುವಂತಿರಲಿಲ್ಲ.

“ಅಪ್ಪಾಜಿ ಮೊಣಕಾಲಿಗೇ ತಾಗ್ತಿತ್ತಲ್ರೀ ಇದು,” ಎಂದಳು ಗಿರಿಜ. ಅಷ್ಟು ಹೇಳಿ ಆ ಸೀಟಿನಲ್ಲೇ ಕೂತು ಅತ್ತಳು. ನಾನು ಬಾಗಿಲು ಹಿಡಿದುಕೊಂಡು ನಿಂತೇ ಅತ್ತೆ.

ಎಷ್ಟೋ ಹೊತ್ತಿನ ಮೇಲೆ, “ಒಂದ್ ಸುತ್ತು ಹೊಡೀರಿ,” ಎಂದಳು. ಬಾಳೆಹೊನ್ನೂರು ರಸ್ತೆಗೆ ಕಾರು ಇಳಿಸಿ ಲಿವರ್ ತಳ್ಳಿದೆ.

“ಬಂತಾ?”

“ಬಂತು,” ಎಂದಳು.

ನಾನು ನಂಬಲಿಲ್ಲ. ಇವಳೂ ಅವರ ಮಗಳೇ ತಾನೆ? ರಸ್ತೆ ಬದಿಗೆ ಕಾರು ನಿಲ್ಲಿಸಿ, ಅವಳ ಕಡೆಗೆ ಬಗ್ಗಿ, ನಾನೇ ಕೈಯಿಟ್ಟು ನೋಡಿದೆ. ಒಂದು ಚೂರೂ ಗಾಳಿಯಿಲ್ಲ!

“ಕಾರು ನಿಲ್ಸಿದ್ರೆ ಗಾಳಿ ಎಲ್ಲಿಂದ ಬರ್ಬೇಕ್ರೀ?” ಎಂದಳು ಗಿರಿಜ.