ಮಾವನವರ ದನಿ ಅಳಿಸಿದ್ದು

ವಿಜ್ಞಾನ ಮಾಸ್ತರರಿಗೆ ಮನೆಯವರ ಎದುರು ಬೆಲೆ ಬರುವುದು ಫ್ಯೂಸು ಹೋದ ದಿನ ಮಾತ್ರ. ಪುತ್ತೂರಿನ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ ನಾನು, ಕಬಕದ ಮಾವನ ಮನೆಯಲ್ಲಿ ಬಲ್ಬು ತಿರುಗಿಸುವ ಅಳಿಯ ಅಷ್ಟೇ. ಹಾಗಾಗಿ ಅರುವತ್ತರ ದಶಕದ ಕೊನೆಯ ಹೊತ್ತಿಗೆ ಹೆಂಡತಿಯ ಅಣ್ಣ ಶ್ರೀಧರ ಬೊಂಬಾಯಿಯಿಂದ ಒಂದು ಟೇಪ್ ರೆಕಾರ್ಡರ್ ಹೊತ್ತು ತಂದಾಗ, ಇನ್ನು ನನ್ನ ಕಾಲ ಬಂತು ಎಂದುಕೊಂಡೆ. ಬರಲಿಲ್ಲ. ಗುಂಡಿಗಳನ್ನು ಅವನೇ ಒತ್ತುತ್ತಿದ್ದ.

ಮಾವನವರದು ರಸ್ತೆಯಲ್ಲಿ ಹೋಗುವ ಎತ್ತಿನಗಾಡಿಯೂ ನಿಲ್ಲುವಂಥ ದನಿ. ಯಂತ್ರ ತಿರುಗುತ್ತಿರುವುದು ತಿಳಿಯದೆ ಅವರು ಒಂದಿಷ್ಟು ಊರಿನ ಸುದ್ದಿ ಮಾತಾಡಿ, ಕೊನೆಗೆ ಒಳಗಿದ್ದ ಅತ್ತೆಯ ಕಡೆ ತಿರುಗಿ, "ಎಲ್ಲಿ ಸತ್ತಿದ್ದಿ? ಬಿಸಿನೀರು ತಾ" ಎಂದದ್ದು ಅದರಲ್ಲಿ ದಾಖಲಾಯಿತು. ಮರುವರ್ಷ ಅವರೇ ತೀರಿಕೊಂಡರು. ವರ್ಷಾಂತಿಕದ ಊಟ ಮುಗಿದ ಮೇಲೆ ಶ್ರೀಧರ ಟೇಪು ಹಾಕಿದ. ಎಲ್ಲರ ಕಣ್ಣೂ ಒದ್ದೆ. ಕೊನೆಯ ಮಾತು ಬಂತು ನೋಡಿ, ಕಂಬಕ್ಕೊರಗಿ ಕೂತಿದ್ದ ಅತ್ತೆ ಎದ್ದು ಒಳಗೆ ಹೋಗಿ ಒಲೆಯ ಮೇಲೆ ನೀರಿಟ್ಟರು. ಅಳುತ್ತಿದ್ದವರು ನಕ್ಕರು. ಇದು ಪತಿಭಕ್ತಿ ಎಂದು ಯಾರೋ ಹೊಗಳಿದರು. ಅಲ್ಲಿಂದ ಮುಂದೆ ನೆಂಟರು ಬಂದಾಗಲೆಲ್ಲ ಟೇಪು ಹಾಕುವುದು ರೂಢಿಯಾಯಿತು. ಜನ ಮಾವನವರ ದನಿಗೆ ಕಿವಿ ಕೊಡುತ್ತಿದ್ದರು, ಕಣ್ಣು ಮಾತ್ರ ಅತ್ತೆಯ ಮೇಲೆ.

ಒಂದು ಮಧ್ಯಾಹ್ನ ನಾನೊಬ್ಬನೇ ಹೋಗಿದ್ದೆ. ಅತ್ತೆ ಟೇಪಿನ ಪೆಟ್ಟಿಗೆಯ ಕಡೆ ನೋಡುತ್ತ, ಅದರೊಳಗೆ ಅವರು ಹೇಗೆ ಕೂತಿದ್ದಾರೆ ಎಂದು ಕೇಳಿದರು. ಇಷ್ಟು ವರ್ಷಗಳಲ್ಲಿ ಆ ಮನೆಯಲ್ಲಿ ನನಗೆ ಸಿಕ್ಕಿದ ಮೊದಲ ವಿದ್ಯಾರ್ಥಿನಿ. ಬಿಡುತ್ತೇನೆಯೇ? ಟೇಪಿನ ಪಟ್ಟಿಯ ಮೇಲಿರುವುದು ಕಬ್ಬಿಣದ ತುಕ್ಕಿನಂಥ ಪುಡಿ, ಕಣಕಣವೂ ಒಂದೊಂದು ಸಣ್ಣ ಅಯಸ್ಕಾಂತ, ದನಿ ಅವನ್ನು ಕ್ರಮವಾಗಿ ನಿಲ್ಲಿಸುತ್ತದೆ, ಆ ಕ್ರಮವೇ ನೆನಪು ಎಂದೆ. ಸಾಲಾಗಿ ನಿಲ್ಲುವ ರೀತಿಗಳು ಕೆಲವೇ, ಚದುರಿ ನಿಲ್ಲುವ ರೀತಿಗಳಿಗೆ ಲೆಕ್ಕವಿಲ್ಲ, ಈ ಚದುರಾಟದ ಅಳತೆಗೇ ಎಂಟ್ರೊಪಿ ಎನ್ನುತ್ತಾರೆ ಎಂದೆ. ಒಮ್ಮೆ ಚದುರಿದರೆ ಮತ್ತೆ ತಾನಾಗಿ ಅದೇ ಸಾಲು ಕಟ್ಟುವುದಿಲ್ಲ ಎಂದು ಮುಗಿಸಿದೆ.

"ಹಾಗಾದ್ರೆ ಚದುರಿಸಿ ಮಾಸ್ಟ್ರೇ," ಎಂದರು ಅತ್ತೆ.

ನನ್ನ ಪಾಠ ಕೇಳಿ ಯಾರಾದರೂ ಏನಾದರೂ ಮಾಡಬಹುದೆಂದು ನಾನು ಎಣಿಸಿರಲಿಲ್ಲ. ಹೆಂಡತಿಯ ಅಪ್ಪನ ದನಿ ಅದು, ಉಳಿದಿರುವುದು ಅದೊಂದೇ ಎಂದು ತೊದಲಿದೆ.

"ನಂಗೆ ಬೇಡ ಅಂತ ಉಂಟು. ಆದ್ರೆ ಆ ದನಿ ಕೇಳಿದ ಕೂಡ್ಲೇ ಕಾಲು ಏಳ್ತದೆ. ಅವ್ರು ಸತ್ತ ಮೇಲಾದ್ರೂ ನಾನು ಕೂತ್ಕೊಳ್ಬಾರ್ದಾ?"

ಹೊಸದೇನೂ ದಾಖಲಾಗದೆ ಹಳೆಯದು ಅಳಿಯಲೆಂದು ಮೈಕಿನ ತಂತಿ ಕಿತ್ತು, ರೆಕಾರ್ಡಿನ ಗುಂಡಿ ಒತ್ತಿದೆ. ಪಟ್ಟಿ ಮುಗಿಯುವವರೆಗೆ ತಿರುಗಲು ಬಿಟ್ಟೆ. ಆಮೇಲೆ ಅತ್ತೆ, ಹಾಕಿ ತೋರಿಸಿ ಎಂದರು. ಸುಯ್ ಎಂಬ ಸದ್ದು ಬಿಟ್ಟರೆ ಏನೂ ಇಲ್ಲ. ಅತ್ತೆ ಕಾಲು ಚಾಚಿ ಅದನ್ನು ಕೊನೆಯವರೆಗೂ ಕೇಳಿದರು. ಅಷ್ಟು ನೆಮ್ಮದಿಯಿಂದ ಅವರು ಮಾವನವರ ಮಾತನ್ನು ಎಂದೂ ಕೇಳಿರಲಾರರು.

ಮನೆಯವರಿಗೆ ವಿಷಯ ತಿಳಿದಾಗ, ಗುಂಡಿ ತಪ್ಪಿ ಒತ್ತಿದೆ ಎಂದೆ. ಅತ್ತೆ ಬಾಯಿ ತೆರೆಯಹೊರಟಾಗ ನಾನೇ ಕಣ್ಣಿನಲ್ಲಿ ತಡೆದೆ. ಇಂಥವರು ಮಕ್ಕಳಿಗೆ ವಿಜ್ಞಾನ ಕಲಿಸುತ್ತಾರಲ್ಲ ಎಂದು ಶ್ರೀಧರ ಪೇಟೆಯಲ್ಲೆಲ್ಲ ಹೇಳಿಕೊಂಡು ಬಂದ. ಹೆಂಡತಿ ಒಂದು ರಾಶಿ ಬಟ್ಟೆ ಒಗೆಯುತ್ತ ಬಾವಿಕಟ್ಟೆಯಲ್ಲಿ ಅತ್ತಳು. ಅವಳ ಪಾಲಿನ ಅಪ್ಪನನ್ನು ನಾನು ಎರಡನೆಯ ಸಲ ಕೊಂದಿದ್ದೆ.

ಇಷ್ಟೆಲ್ಲ ಬೈಸಿಕೊಂಡು ಒಬ್ಬ ಹೆಂಗಸಿಗೆ ಬಿಡುಗಡೆ ಕೊಟ್ಟೆನೆಂಬ ಹೆಮ್ಮೆಯನ್ನು ಒಳಗೊಳಗೇ ಸಾಕಿಕೊಂಡಿದ್ದೆ. ಮುಂದಿನ ಹಬ್ಬಕ್ಕೆ ಅತ್ತೆ ನಮ್ಮಲ್ಲಿಗೆ ಬಂದರು. ನನ್ನ ಪಕ್ಕದಲ್ಲೇ ಎಲೆ ಹಾಕಿಸಿ ಕೂರಿಸಿದೆ. ಸಾರು ಸಪ್ಪೆಯಾಗಿತ್ತು. "ಉಪ್ಪು ಎಲ್ಲಿ?" ಎಂದು ಹೆಂಡತಿಯನ್ನು ಕೇಳಿದೆ, ತರಗತಿಯ ಅಭ್ಯಾಸ, ದನಿ ತುಸು ಏರಿತ್ತು. ತಿರುಗಿ ನೋಡಿದರೆ ಪಕ್ಕದ ಎಲೆಯ ಮುಂದೆ ಯಾರೂ ಇಲ್ಲ. ಅತ್ತೆ ಎಂಜಲು ಕೈ ಸೆರಗಿನಲ್ಲಿ ಮುಚ್ಚಿಕೊಂಡು, ಎಡಗೈಯಲ್ಲಿ ಉಪ್ಪು ತುಂಬಿದ ಮರದ ಮರಿಗೆ ಹಿಡಿದು ನಿಂತಿದ್ದರು.

ಕೂತುಕೊಳ್ಳಿ ಎನ್ನಬೇಕೆಂದಿದ್ದೆ. ಸಾರು ಆರುತ್ತಿತ್ತು. ಉಪ್ಪು ಹಾಕಿಕೊಂಡು ಉಂಡೆ.