ಕಾರ್ಡಿನಲ್ಲಿ ಬೆಳೆದ ಮಕ್ಕಳು

ನಮ್ಮ ಬಗ್ಗೆ ನಾವೇ ಹೇಳಿಕೊಂಡು ತಿರುಗುವ ಸಂಗತಿಗಳಲ್ಲಿ ಎಷ್ಟನ್ನು ಪರೀಕ್ಷೆ ಮಾಡಿ ನೋಡಿದ್ದೇವೆ ಎಂದು ಒಮ್ಮೆ ಕೂತು ಯೋಚಿಸಿದರೆ ಸ್ವಲ್ಪ ಗಾಬರಿಯಾಗುತ್ತದೆ. ನನ್ನ ಎತ್ತರವನ್ನೇ ತೆಗೆದುಕೊಳ್ಳಿ. ಐದು ಅಡಿ ಆರು ಇಂಚು. ಕೆಲಸಕ್ಕೆ ಸೇರುವಾಗ ಹಾಗೆಂದು ಬರೆದುಕೊಟ್ಟೆ. ಮದುವೆಯ ಮಾತುಕತೆಯಲ್ಲಿ ಹೆಣ್ಣಿನ ಕಡೆಯವರಿಗೂ ಅದನ್ನೇ ಹೇಳಿದೆ. ಯಾರು ಅಳೆದದ್ದು ಎಂದು ಕೇಳಿದರೆ, ಯಾರೂ ಅಳೆದಿಲ್ಲ. ನನ್ನ ಸೋದರಮಾವ ಐದು ಅಡಿ ಎಂಟು ಇಂಚು ಇದ್ದಾರೆಂದು ಮನೆಯಲ್ಲಿ ಹೇಳುತ್ತಿದ್ದರು. ನಾನು ಅವರ ಹಣೆಯ ತನಕ ಬರುತ್ತಿದ್ದೆ. ಹಾಗಾಗಿ ಎರಡು ಇಂಚು ಕಳೆದೆ. ಮಾವನನ್ನು ಅಳೆದವರು ಯಾರು ಎಂಬುದು ನನಗೆ ಇಂದಿಗೂ ಗೊತ್ತಿಲ್ಲ.

ಇದು ನನ್ನೊಬ್ಬನ ದೋಷವಲ್ಲ ಎಂದು ಬಹಳ ಕಾಲ ಸಮಾಧಾನ ಮಾಡಿಕೊಂಡಿದ್ದೆ. ನಮ್ಮ ಕುಂದಾಪುರದ ಕಡೆ ಬದುಕೇ ಅಂದಾಜಿನ ಮೇಲೆ ನಡೆಯುತ್ತದೆ. ಮನೆ ಎಲ್ಲಿ ಎಂದರೆ "ಇಲ್ಲೇ, ಹತ್ರ" ಎನ್ನುತ್ತಾರೆ. ನಡೆಯುತ್ತಾ ಹೋದರೆ ಎರಡು ಗದ್ದೆಬಯಲು ದಾಟಿದರೂ ಆ ಹತ್ತಿರ ಬರುವುದಿಲ್ಲ. ಮೀನು ಪೇಟೆಯಲ್ಲಿ ಬಂಗುಡೆಯನ್ನು ರಾಶಿ ಹಾಕಿ, ಕಣ್ಣಳತೆಯಲ್ಲೇ ಬೆಲೆ ಹೇಳುತ್ತಾರೆ. ನನ್ನ ಹೆಂಡತಿ ಸಾರಿಗೆ ಉಪ್ಪು ಹಾಕುವಾಗ ಮುಖವನ್ನು ಬೇರೆ ಕಡೆ ತಿರುಗಿಸಿಕೊಂಡಿರುತ್ತಾಳೆ, ಆದರೂ ಉಪ್ಪು ಸರಿಯಾಗಿರುತ್ತದೆ. ಇಂಥ ಊರಿನ ಮೇಷ್ಟರೊಬ್ಬ ಮಕ್ಕಳ ಎತ್ತರವನ್ನು ಅಂದಾಜಿಗೆ ಬರೆದರೆ ಅದು ಅಷ್ಟು ದೊಡ್ಡ ಅಪರಾಧವೇ? ಅಪರಾಧ ಎಂದು ನನಗೆ ತಿಳಿದದ್ದು ಬೆಂಗಳೂರಿನ ಹೊರಗಿನ ಒಂದು ಆಟಗಳ ಪಾರ್ಕಿನಲ್ಲಿ, ಹಳದಿ ಬಣ್ಣ ಬಳಿದ ಒಂದು ಕೋಲಿನ ಮುಂದೆ.

ನಾನು ಮೇಷ್ಟರಾಗಿದ್ದದ್ದು ಹೆಮ್ಮಾಡಿಗೂ ಕಿರಿಮಂಜೇಶ್ವರಕ್ಕೂ ನಡುವೆ, ಹೆದ್ದಾರಿಯ ಪಕ್ಕದ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ. ಪ್ರತಿ ಮಗುವಿಗೂ ಒಂದು ಪ್ರಗತಿ ಕಾರ್ಡು ಇರುತ್ತದೆಯಷ್ಟೆ? ಅದರಲ್ಲಿ ಅಂಕಗಳ ಕೆಳಗೆ ಎತ್ತರ, ತೂಕ ಎಂದು ಎರಡು ಖಾನೆಗಳಿರುತ್ತವೆ. ನಾನು ಆ ಶಾಲೆಗೆ ಬಂದ ವರ್ಷ ಎತ್ತರ ಅಳೆಯುವ ಮರದ ಕೋಲು ಎಲ್ಲಿದೆ ಎಂದು ಹುಡುಕಿದೆ. ಸಿಕ್ಕಿತು. ಬುಡವನ್ನು ಗೆದ್ದಲು ತಿಂದು, ಉಳಿದ ಭಾಗವನ್ನು ಅಡುಗೆಕೋಣೆಯ ಕಿಟಕಿಗೆ ಆಸರೆ ಕೊಟ್ಟಿದ್ದರು. ನನಗಿಂತ ಮೊದಲು ಅಲ್ಲಿದ್ದ ಹಿರಿಯ ಮೇಷ್ಟರು ನನ್ನ ಚಿಂತೆ ಕಂಡು ನಕ್ಕರು. "ಅದಕ್ಕೆಲ್ಲ ಕೋಲ್ ಎಂತಕ್ಕೆ ಮಾರಾಯ್ರೆ? ಮಕ್ಳ್ ವರ್ಷಕ್ಕೆ ಐದ್ ಸೆಂಟಿಮೀಟ್ರ್ ಬೆಳಿತೊ. ಹೋದ್ ವರ್ಷದ್ದಕ್ಕೆ ಐದ್ ಕೂಡ್ಸಿ, ಬರ್ದ್ ಬಿಡಿ" ಎಂದರು. ಎಷ್ಟು ಸುಲಭ! ಅಂದಿನಿಂದ ಪ್ರತಿ ಜೂನ್ ತಿಂಗಳಲ್ಲೂ ಒಂದೇ ಮಧ್ಯಾಹ್ನದಲ್ಲಿ ಇಡೀ ಶಾಲೆಯನ್ನು ಐದೈದು ಸೆಂಟಿಮೀಟರ್ ಬೆಳೆಸಿ ಮುಗಿಸುತ್ತಿದ್ದೆ. ಜ್ವರ ಬಂದು ಒಣಗಿದ ಮಗುವೂ ಬೆಳೆಯಿತು, ಅರ್ಧ ವರ್ಷ ಶಾಲೆಗೇ ಬಾರದ ಮಗುವೂ ಬೆಳೆಯಿತು. ನನ್ನ ಕೈಯಲ್ಲಿ ಯಾವ ಮಗುವೂ ಬೆಳೆಯದೆ ನಿಂತದ್ದಿಲ್ಲ ಎಂಬ ಹೆಮ್ಮೆಯೂ ಒಳಗೊಳಗೆ ಇತ್ತು.

ಪ್ರವಾಸ ಎಂದರೆ ಬೇಲೂರು, ಹಳೇಬೀಡು ಎಂದಿದ್ದ ಕಾಲ ನಿಧಾನವಾಗಿ ಮುಗಿಯುತ್ತಿತ್ತು. ಆ ವರ್ಷ ಏಳನೆಯ ತರಗತಿಯವರು ಬೆಂಗಳೂರಿನ ಆ ಪಾರ್ಕಿಗೇ ಹೋಗಬೇಕೆಂದು ಹಟ ಹಿಡಿದರು. ನಮ್ಮ ಹೆಡ್ ಟೀಚರು ಎಲ್ಲಿಂದಲೋ ಅದರ ಬಣ್ಣದ ಕರಪತ್ರ ತರಿಸಿದರು. ಒಂದೊಂದು ಆಟದ ಚಿತ್ರದ ಕೆಳಗೂ ಕನಿಷ್ಠ ಎತ್ತರ ಇಷ್ಟು ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು. ಎತ್ತರವಿಲ್ಲದ ಮಕ್ಕಳು ಅಷ್ಟು ದೂರ ಹೋಗಿ ನಿರಾಶರಾಗಬಾರದು ಎಂಬ ಒಳ್ಳೆಯ ಬುದ್ಧಿ ನನಗೆ ಬಂತು. ಕಾರ್ಡುಗಳ ಕಟ್ಟು ಬಿಚ್ಚಿ, ಯಾರು ಯಾವ ಆಟಕ್ಕೆ ಅರ್ಹರು ಎಂದು ಕರಿಹಲಗೆಯ ಮೇಲೆ ಪಟ್ಟಿ ಬರೆದೆ. ಬೇಕಾದರೆ ಪುರಾವೆಗಿರಲಿ ಎಂದು ಕಾರ್ಡುಗಳನ್ನು ಚೀಲಕ್ಕೂ ತುಂಬಿಕೊಂಡೆ. ಹಡಗಿನ ಆಕಾರದ ಒಂದು ದೊಡ್ಡ ಉಯ್ಯಾಲೆಗೆ ನೂರಾ ನಲವತ್ತು ಸೆಂಟಿಮೀಟರ್ ಬೇಕಿತ್ತು. ವಿನುತಾ, ನೂರಾ ನಲವತ್ತೆರಡು. ಪಾಸ್.

ಈ ವಿನುತಾಳ ಬಗ್ಗೆ ಹೇಳಬೇಕು. ಅವಳ ಅಪ್ಪ ಗಂಗೊಳ್ಳಿಯಲ್ಲಿ ಮೀನಿನ ಬೋಟಿಗೆ ಹೋಗುವವರು. ದೊಡ್ಡ ತೆರೆಯ ನೆತ್ತಿಯಿಂದ ಬೋಟು ಕೆಳಗೆ ಇಳಿಯುವಾಗ ಹೊಟ್ಟೆ ಗಂಟಲಿಗೆ ಬರುತ್ತದೆ ಎಂದು ಅವರು ಮನೆಯಲ್ಲಿ ಎಂದೋ ಹೇಳಿದ್ದರು. ಇವಳಿಗೆ ಅದೇ ತಲೆ ಹೊಕ್ಕಿತ್ತು. ಒಂದು ದಿನ ವಿಜ್ಞಾನದ ಪಾಠದ ನಡುವೆ ಎದ್ದು ನಿಂತು, "ಮಾಷ್ಟ್ರೆ, ಹೊಟ್ಟಿ ನಿಜವಾಯ್ಲೂ ಮೇಲ್ ಬತ್ತಾ? ಬಂದ್ರೆ ಎಲ್ಲಿ ತನಕ ಬತ್ತ್?" ಎಂದು ಕೇಳಿದಳು. ಮುಂದಿನ ಪಾಠದಲ್ಲಿ ಬರುತ್ತದೆ, ಕೂತುಕೋ ಎಂದೆ. ಮುಂದಿನ ಪಾಠ ಇದ್ದದ್ದು ಬೀಜ ಮೊಳೆಯುವುದರ ಬಗ್ಗೆ. ಅಪ್ಪನ ಬೋಟಿನಲ್ಲಿ ಒಮ್ಮೆ ಹೋಗಿ ನೋಡಬಾರದೇ ಎಂದರೆ, ಹೆಣ್ಣುಮಕ್ಕಳನ್ನು ಬೋಟಿಗೆ ಹತ್ತಿಸುವುದಿಲ್ಲ ಎಂದು ಮನೆಯಲ್ಲಿ ಹೇಳಿಬಿಟ್ಟಿದ್ದರು. ಹಾಗಾಗಿ ಕರಪತ್ರದ ಆ ಹಡಗನ್ನು ಕಂಡ ಕ್ಷಣದಿಂದ ಅವಳಿಗೆ ಬೇರೆ ಯಾವ ಆಟವೂ ಬೇಡವಾಯಿತು. ಕರಿಹಲಗೆಯಲ್ಲಿ ತನ್ನ ಹೆಸರು ನೋಡಿ, ಸಂಜೆ ಶಾಲೆ ಬಿಟ್ಟ ಮೇಲೂ ಅದನ್ನು ಅಳಿಸಲು ಬಿಡಲಿಲ್ಲ. ಇನ್ನೊಂದು ಮಾತು. ಬೆಳಗಿನ ಪ್ರಾರ್ಥನೆಗೆ ನಾವು ಮಕ್ಕಳನ್ನು ಎತ್ತರದ ಪ್ರಕಾರ ನಿಲ್ಲಿಸುತ್ತೇವೆ. ಏಳನೆಯ ತರಗತಿಯ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುತ್ತಿದ್ದವಳು ವಿನುತಾ. ವರ್ಷವಿಡೀ ಆ ಪುಟ್ಟ ಹುಡುಗಿಯನ್ನು ಎದುರಿಗೆ ನಿಂತು ನೋಡಿದ ನಾನು, ಕಣ್ಣನ್ನು ನಂಬದೆ ಕಾರ್ಡನ್ನು ನಂಬಿದೆ.

ಪ್ರವಾಸದ ದಿನ ಹಡಗಿನ ಬಾಗಿಲಲ್ಲಿ ಟೋಪಿ ಹಾಕಿದ ಒಬ್ಬ ಯುವಕ ಹಳದಿ ಕೋಲಿನ ಪಕ್ಕ ನಿಂತು ಮಕ್ಕಳನ್ನು ಒಬ್ಬೊಬ್ಬರಾಗಿ ನಿಲ್ಲಿಸಿ ನೋಡುತ್ತಿದ್ದ. ನನ್ನ ಪಟ್ಟಿಯಲ್ಲಿ ಪಾಸಾದವರಲ್ಲಿ ಐದು ಮಂದಿ ಕೋಲಿನ ಮುಂದೆ ನಪಾಸಾದರು. ನಾಲ್ವರು ಹೋದರೆ ಹೋಯಿತು ಎಂದು ನೀರಿನ ಕೊಳದ ಕಡೆ ಓಡಿದರು. ವಿನುತಾ ಕದಲಲಿಲ್ಲ. ಉಸಿರು ಕಟ್ಟಿ, ಕತ್ತು ಎತ್ತಿ, ಕಾಲ್ಬೆರಳ ಮೇಲೆ ನಿಂತಳು. ಆ ಯುವಕ ಮೆತ್ತಗೆ ಅವಳ ಭುಜ ಒತ್ತಿ ಇಳಿಸಿದ. "ನಾಲ್ಕು ಬೆರಳು ಕಡಿಮೆ ಇದೆ ಸರ್, ಆಗುವುದಿಲ್ಲ" ಎಂದ. ನನಗೆ ಸಿಟ್ಟು ಬಂತು. ನಿಮ್ಮ ಕೋಲೇ ತಪ್ಪಿರಬೇಕು ಎಂದೆ. ಸರಕಾರಿ ದಾಖಲೆ ಇದೆ ಎಂದೆ. ಚೀಲದಿಂದ ಕಾರ್ಡು ತೆಗೆದು, ಹೆಡ್ ಟೀಚರ ಮೊಹರಿನ ಸಮೇತ ಅವನ ಮೂಗಿನ ಮುಂದೆ ಹಿಡಿದೆ.

ಅವನು ಕಾರ್ಡು ಓದಿದ. ಮೊಹರು ನೋಡಿದ. ನನ್ನ ಕೈಬರಹವನ್ನು ಹೆಚ್ಚು ಹೊತ್ತು ನೋಡಿದ. ಆಮೇಲೆ ಟೋಪಿ ತೆಗೆದು, "ಹ್ವಾಯ್ ಮಾಷ್ಟ್ರೆ, ಗುರ್ತ ಸಿಕ್ಲಿಲ್ಯಾ? ನಾನ್ ಸತೀಶ. ನಿಮ್ಮ್ ಶಾಲಿಯಂಗೇ ಏಳ್ನೇ ತನಕ ಓದಿದ್" ಎಂದ. ಗುರುತು ಸಿಕ್ಕಿತು. ಕಬಡ್ಡಿಯಲ್ಲಿ ಮುಂದಿದ್ದ ಹುಡುಗ. ನನಗೆ ಹೋದ ಜೀವ ಬಂದ ಹಾಗಾಯಿತು. ಊರಿನವನು, ಅದರಲ್ಲೂ ಶಿಷ್ಯ! "ಹಾಂಗಾರೆ ಒಂದ್ ಸಲ ಬಿಟ್ಟ್ ಬಿಡು ಮಾರಾಯ, ನಮ್ಮೂರ್ ಮಗು ಅಲ್ದಾ?" ಎಂದು ದನಿ ತಗ್ಗಿಸಿದೆ.

"ಊರೇನೋ ಒಂದೇ ಮಾಷ್ಟ್ರೆ. ಕೋಲಿಗೆ ಊರಿಲ್ಲೆ ಅಲ್ದಾ" ಎಂದು ನಕ್ಕ. "ಗಿಡ್ಡ ಮಕ್ಳಿಗೆ ತೊಡಿ ಮೇಲಿನ ಆ ಸರಳ್ ಸಮಾ ಕೂರುದಿಲ್ಲೆ. ಜಾರಿ ಬಿದ್ರೆ ಕಷ್ಟ." ಕಾರ್ಡನ್ನು ಹಿಂದೆ ಕೊಡುತ್ತಾ ಅವನು ಮುಂದುವರಿಸಿದ. "ನನ್ ಕಾರ್ಡಂಗೂ ನೀವೇ ಬರ್ದದ್. ಏಳ್ನೇ ಕ್ಲಾಸಂಗೆ ನೂರಾ ಐವತ್ತೆಂಟ್. ಈಗ್ಳೇ ಇಷ್ಟ್ ಇದ್ರೆ ಮಿಲಿಟ್ರಿ ಗ್ಯಾರಂಟಿ ಅಂದೇಳಿ ಅಪ್ಪಯ್ಯ ಎಲ್ರಿಗೂ ಹೇಳ್ಕಂಡ್ ಬಂದ್ರ್. ದಿನಾ ಬೆಳಿಗ್ಗೆ ಎದ್ದ್ ಓಡ್ತಿದ್ದೆ ಮಾಷ್ಟ್ರೆ, ಕಡಲ ಬದಿಯ ಹೊಯ್ಗಿ ಮೇಲೆ, ನಾಲ್ಕ್ ವರ್ಷ. ಸೆಲೆಕ್ಷನ್ ದಿನ ಓಡುಕ್ ಬಿಡುದ್ರೊಳ್ಗೇ ಕೋಲಿಗೆ ನಿಲ್ಸ್ರ್. ಎರಡ್ ಬೆರಳ್ ಕಮ್ಮಿ. ವಾಪಾಸ್ ಕಳ್ಸ್ರ್." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿ ತಿಳಿದುಕೊಳ್ಳುವ ಆಸೆಯಿಂದ, ತರಗತಿಯಲ್ಲಿ ಸಂಶಯ ಕೇಳುವ ಹಾಗೆ ಕೇಳಿದ. "ಒಂದ್ ಕೇಂತೆ, ಬೇಜಾರ್ ಮಾಡ್ಕಣ್ಬೇಡಿ. ನೀವ್ ಅಳ್ದೇ ಬರ್ದದ್ ಅಲ್ದಾ?"

ಸಾಲಿನಲ್ಲಿ ನಿಂತವರು ಮುಂದೆ ಹೋಗಿ ಎಂದು ಗದ್ದಲ ಮಾಡುತ್ತಿದ್ದರು. ವಿನುತಾ ಒಮ್ಮೆ ಅವನ ಮುಖ, ಒಮ್ಮೆ ನನ್ನ ಮುಖ ನೋಡುತ್ತಿದ್ದಳು. ಮುಂದಿನ ಪಾಠದಲ್ಲಿ ಬರುತ್ತದೆ ಎಂದು ಹೇಳುವ ಹಾಗಿರಲಿಲ್ಲ. "ಇಲ್ಲ ಮಾರಾಯ, ಅಳ್ದಿಲ್ಲ. ಯಾರನ್ನೂ ಅಳ್ದಿಲ್ಲ" ಎಂದೆ. ನಾಚಿಕೆಯಾಯಿತು. ಐದು ಕೂಡಿಸಿ ಬರೆಯುವಾಗ ಆ ಅಂಕಿಯನ್ನು ಹಿಡಿದುಕೊಂಡು ಒಬ್ಬ ಹುಡುಗ ನಾಲ್ಕು ವರ್ಷ ಮರಳಿನಲ್ಲಿ ಓಡಿಯಾನು ಎಂದು ನನಗೆ ಹೊಳೆದೇ ಇರಲಿಲ್ಲ. ಸತೀಶ "ಹೌದಾ" ಎಂದ. ಮತ್ತೆ ಟೋಪಿ ಹಾಕಿಕೊಂಡ.

ವಿನುತಾ ಅಳುತ್ತಾಳೆಂದು ಕಾಯುತ್ತಿದ್ದೆ. ಅತ್ತಿದ್ದರೆ ಐಸ್‌ಕ್ರೀಮ್ ಕೊಡಿಸಿ ಮುಗಿಸಬಹುದಿತ್ತು. ಅವಳು ಅಳಲಿಲ್ಲ. "ಹಂಗಾರೆ ನಾನ್ ಸಮಾ ಎಷ್ಟ್ ಇದ್ದೆ?" ಎಂದು ಸತೀಶನನ್ನು ಕೇಳಿದಳು. ಅವನು ಕೋಲಿಗೆ ನಿಲ್ಲಿಸಿ, ನೂರಾ ಮೂವತ್ತೆರಡು ಎಂದ. ಪ್ರವಾಸದ ಟಿಪ್ಪಣಿ ಬರೆಯಲೆಂದು ನಾನೇ ಕೊಟ್ಟಿದ್ದ ಪುಸ್ತಕ ತೆಗೆದು ಅವಳು ಅದನ್ನು ಬರೆದುಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು. "ಮಾಷ್ಟ್ರೆ, ನೀವಾದ್ರೂ ಹೋಯಿ ಬನ್ನಿ. ಹೊಟ್ಟಿ ಎಲ್ಲಿ ತನಕ ಬತ್ತ್ ಅಂದೇಳಿ ಕಂಡ್ ಹೇಳಿ."

ವಾಂತಿಯ ಭಯಕ್ಕೆ ಘಾಟಿಯ ಬಸ್ಸಿನಲ್ಲಿ ಕಿಟಕಿಯ ಸೀಟು ಬಿಟ್ಟು ಕೂರಲಾರದ ಮನುಷ್ಯ ನಾನು. ಹುಡುಗಿ ಎರಡೂ ಕೈ ಕಟ್ಟಿ ಕಾಯುತ್ತಿದ್ದಳು. ಹೊರಟೆ. "ನಿಲ್ಲಿ ಮಾಷ್ಟ್ರೆ, ಎಲ್ರನ್ನೂ ಅಳಿಕ್" ಎಂದು ಸತೀಶ ನನ್ನನ್ನೂ ಕೋಲಿಗೆ ನಿಲ್ಲಿಸಿದ. ನನ್ನಂಥ ದೊಡ್ಡವರನ್ನು ಅಳೆಯುವ ಅಗತ್ಯ ಖಂಡಿತ ಇರಲಿಲ್ಲ; ಅದನ್ನು ಕೇಳುವ ಮುಖ ನನಗಿರಲಿಲ್ಲ. "ನೂರಾ ಅರವತ್ತಮೂರು" ಎಂದು ದೊಡ್ಡದಾಗಿ ಹೇಳಿದ. ಐದು ಅಡಿ ನಾಲ್ಕು ಇಂಚು. ಇಷ್ಟು ವರ್ಷ ಜೊತೆಗಿದ್ದ ಎರಡು ಇಂಚು ಅಲ್ಲೇ ಹೋಯಿತು. ವಿನುತಾ ಅದನ್ನೂ ಬರೆದುಕೊಂಡಳು.

ಹಡಗು ಮೊದಲು ತೊಟ್ಟಿಲಿನ ಹಾಗೆ ತೂಗಿತು. ಆಮೇಲಿನದು ನನಗೆ ಗೊತ್ತಿಲ್ಲ, ಕಣ್ಣು ಮುಚ್ಚಿಕೊಂಡಿದ್ದೆ. ಮನೆದೇವರನ್ನು ನೆನೆದೆ, ನೆರೆಮನೆಯವರ ದೇವರನ್ನೂ ನೆನೆದೆ. ಇಳಿದು ಬಂದಾಗ ನೆಲವೇ ತೂಗುತ್ತಿತ್ತು. ವಿನುತಾ ಪೆನ್ಸಿಲ್ ಹಿಡಿದು ಸಿದ್ಧವಾಗಿ ನಿಂತಿದ್ದಳು. "ಬಂತು ಮಗಾ, ಗಂಟಲ ತನಕ ಬಂತು" ಎಂದೆ. ಅವಳು ಬರೆಯಲಿಲ್ಲ. "ಹತ್ತುವತ್ತಿಗೆ ಬಂತಾ, ಇಳುವತ್ತಿಗೆ ಬಂತಾ?" ಎಂದು ಕೇಳಿದಳು. ನಾನು ಸ್ವಲ್ಪ ತಡವರಿಸಿ, ಎರಡೂ ಸಲ ಎಂದೆ. ಅವಳು ನನ್ನನ್ನೇ ನೋಡಿದಳು. "ನೀವ್ ಕಣ್ಣ್ ಮುಚ್ಕಂಡಿದ್ರಿ. ನಾ ಕಂಡೆ. ಈಗ್ಳೂ ಅಂದಾಜಿಗೇ ಹೇಳ್ತಿದ್ರಿ ಮಾಷ್ಟ್ರೆ."

ಮತ್ತೆ ಹೋದೆ. ಈ ಸಲ ಕಣ್ಣು ಬಿಟ್ಟುಕೊಂಡು, ಹೊಟ್ಟೆಯ ಮೇಲೆ ಒಂದು ಕೈ ಇಟ್ಟುಕೊಂಡು. ಬಂದು ಹೇಳಿದೆ. ಹತ್ತುವಾಗ ಏನೂ ಇಲ್ಲ. ತುದಿಯಲ್ಲಿ ಒಂದು ಕ್ಷಣ ನಿಂತ ಹಾಗಾಗಿ ಕೆಳಗೆ ತಿರುಗುವಾಗ ಬರುತ್ತದೆ. ಗಂಟಲಿಗಲ್ಲ, ಎದೆಗೂಡಿನ ಕೆಳಗಿನ ತನಕ. "ಅಪ್ಪಯ್ಯ ಗಂಟ್ಲ್ ಅಂದಿದ್ರ್" ಎಂದಳು. ಅಪ್ಪಯ್ಯನದೂ ಅಂದಾಜು ಇರಬಹುದು ಎಂದೆ. ಅಷ್ಟು ಹೇಳಿ ಪಕ್ಕದ ಗಿಡದ ಬುಡಕ್ಕೆ ಓಡಿದೆ. ಅಲ್ಲಿ ಅದು ಗಂಟಲಿಗೂ ಬಂತು, ಬಾಯಿಗೂ ಬಂತು. ವಿನುತಾ ಹಿಂದೆಯೇ ಬಂದು ಬೆನ್ನು ಸವರಿ, ನೀರಿನ ಬಾಟಲಿ ಕೊಟ್ಟು, ಇದನ್ನೂ ಬರೆಯಲಾ ಎಂದು ಕೇಳಿದಳು.

ಊರಿಗೆ ಬಂದ ಮೇಲೆ ಬಡಗಿಯ ಟೇಪು ಎರವಲು ತಂದು, ಶಾಲೆಯ ಗೋಡೆಗೆ ಗೆರೆ ಎಳೆದು, ಒಂದೊಂದೇ ಮಗುವನ್ನು ನಿಲ್ಲಿಸಿ ಅಳೆದೆ. ಎಲ್ಲ ಕಾರ್ಡುಗಳನ್ನೂ ತಿದ್ದಿದೆ. ಮೂರನೆಯ ದಿನ ವಿನುತಾಳ ಅಮ್ಮ ಕಾರ್ಡು ಹಿಡಿದುಕೊಂಡು ಶಾಲೆಗೆ ಬಂದರು. "ಟೂರಿಗ್ ಹೋಪತ್ತಿಗೆ ನೂರಾ ನಲ್ವತ್ತೆರಡ್ ಇದ್ದ್ ಹೆಣ್ಣ್, ನೂರಾ ಮೂವತ್ತೆರಡಾಯಿ ಬಂತಲೆ ಮಾಷ್ಟ್ರೆ? ಎರಡ್ ದಿನ ಎಂತ ತಿನ್ಸಿದ್ರಿ ನೀವ್ ಅದಕ್ಕೆ?" ಅವರಿಗೆ ವಿವರಿಸಿ ಹೇಳಲು ಅರ್ಧ ಗಂಟೆ ಹಿಡಿಯಿತು. ಪೂರ್ತಿ ನಂಬಿದರೆಂದು ನನಗೆ ಅನ್ನಿಸಲಿಲ್ಲ.

ಕೆಲವು ವರ್ಷಗಳ ಮೇಲೆ ನನಗೆ ನಿವೃತ್ತಿಯಾಯಿತು. ಪೆನ್ಶನ್ ಕಾಗದಗಳಲ್ಲಿ ಎತ್ತರ ಎಂಬ ಒಂದು ಖಾನೆ ಇತ್ತು. ನಾನು ಸಂತೋಷದಿಂದ, ಒಂದಿಷ್ಟು ಗರ್ವದಿಂದಲೂ, ನೂರಾ ಅರವತ್ತಮೂರು ಎಂದು ಬರೆದೆ. ಕಚೇರಿಯ ಗುಮಾಸ್ತರು ನನ್ನ ಸರ್ವಿಸ್ ರಿಜಿಸ್ಟರ್ ತೆರೆದು, ಮೊದಲ ಪುಟದ ಮೇಲೆ ಬೆರಳಿಟ್ಟರು. ಕೆಲಸಕ್ಕೆ ಸೇರಿದ ದಿನ ನಾನೇ ಬರೆದುಕೊಟ್ಟದ್ದು: ಐದು ಅಡಿ ಆರು ಇಂಚು, ಅಳೆದು ನೋಡಿದ್ದು, ಪಾದರಕ್ಷೆ ಇಲ್ಲದೆ. "ಎರಡೂ ತಾಳೆ ಆಯ್ಕ್ ಮಾಷ್ಟ್ರೆ. ಇಲ್ದಿರೆ ಫೈಲ್ ವಾಪಾಸ್ ಬತ್ತ್" ಎಂದರು. ಇದು ತಪ್ಪು, ಈಗ ಬರೆದದ್ದೇ ಸರಿ, ಸಾಕ್ಷಿ ಇದ್ದಾರೆ ಎಂದೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನಿಮ್ಗೆ ಪೆನ್ಶನ್ ಬೇಕಾ, ಎತ್ರ ಬೇಕಾ?" ಎಂದು ಕೇಳಿದರು.

ಹಾಗಾಗಿ ಸರಕಾರದ ಲೆಕ್ಕದಲ್ಲಿ ನಾನು ಈಗಲೂ ಐದು ಅಡಿ ಆರು ಇಂಚು. ನನ್ನ ನಿಜವಾದ ಎತ್ತರ ಯಾರಿಗಾದರೂ ಬೇಕಾದರೆ ವಿನುತಾಳ ಹಳೆಯ ಟಿಪ್ಪಣಿ ಪುಸ್ತಕದಲ್ಲಿ ನೋಡಬೇಕು. ಅದರ ಪಕ್ಕದಲ್ಲಿ ಅವಳು ಇನ್ನೇನೆಲ್ಲ ಬರೆದುಕೊಂಡಿದ್ದಾಳೋ, ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.