ನಡೆದು ಬಂದ ಅಕ್ಕಿ

ಮಗಳ ಮದುವೆಯ ಮರುದಿನ ಬೀಗರ ಮನೆಯ ಔತಣಕ್ಕೆಂದು ಕಳುಹಿಸಿದ ಅಕ್ಕಿಯಲ್ಲಿ ಏಳೆಂಟು ಹುಳಗಳು ಕಾಣಿಸಿಕೊಂಡು, ಕುಕ್ಕಪ್ಪನ ಮಾನವನ್ನು ಸುಳ್ಯದಿಂದ ಕಡಬದವರೆಗೆ ಹರಾಜು ಹಾಕಿದ್ದವು. ಹುಳ ಬಿದ್ದ ಅಕ್ಕಿಯನ್ನು ಕಾಣದವರು ಯಾರಿದ್ದಾರೆ? ಬೈಹುಲ್ಲಿನಲ್ಲಿ ಸುತ್ತಿ ಬಿಗಿದ ಮುಡಿಯೊಳಗೆ ಕುಚ್ಚಲಕ್ಕಿ ನಾಲ್ಕು ತಿಂಗಳು ಕೂತರೆ ಹುಳಕ್ಕೂ ಅದು ಮನೆಯೇ. ಆದರೆ ಸವಣೂರಿನ ಬೀಗ ಬೋಜಪ್ಪ ಗೌಡರು ಪಂಕ್ತಿಯ ನಡುವೆ ನಿಂತು, "ಭಾವ, ನಿಮ್ಮ ಅಕ್ಕಿಗೆ ಗಾಡಿ ಎಂತಕ್ಕೆ? ಅದು ತಾನೇ ನಡ್ಕೊಂಡು ಬರ್ತದೆ" ಎಂದುಬಿಟ್ಟರು. ಅಂದಿನಿಂದ ಕುಕ್ಕಪ್ಪ ಯಾವ ಮದುವೆ ಮುಂಜಿಗೆ ಹೋದರೂ, ಅಕ್ಕಿ ನಡೆದು ಬಂತಾ ಎಂದು ಕೇಳುವವನೊಬ್ಬ ಅಲ್ಲಿರುತ್ತಿದ್ದ.

ಗ್ರಾಮಸೇವಕ ಕೃಷ್ಣಮೋಹನ ಶಾಲೆಯ ಜಗಲಿಯಲ್ಲಿ ರೈತರನ್ನು ಸೇರಿಸಿ ಬಿಳಿ ಪುಡಿಯ ಡಬ್ಬಿ ಹಂಚಿದಾಗ ಕುಕ್ಕಪ್ಪ ಎರಡೂ ಕೈಯೊಡ್ಡಿ ಪ್ರಸಾದದ ಹಾಗೆ ತೆಗೆದುಕೊಂಡದ್ದು ಇದೇ ಕಾರಣಕ್ಕೆ. ಇದು ಬಿತ್ತನೆಯ ಭತ್ತಕ್ಕೆ ಮಾತ್ರ, ಉಣ್ಣುವ ಅಕ್ಕಿಗೆ ಮುಟ್ಟಿಸಬೇಡಿ ಎಂದು ಕೃಷ್ಣಮೋಹನ ಎರಡೆರಡು ಸಲ ಹೇಳಿದ್ದ. ಕುಕ್ಕಪ್ಪ ಕೇಳಿಸಿಕೊಂಡೂ ಇದ್ದ. ಆದರೆ ಅವನ ತರ್ಕವೇ ಬೇರೆ. ಭತ್ತದ ಹೊಟ್ಟೆಯಲ್ಲೇ ಅಲ್ಲವೇ ಅಕ್ಕಿ ಇರುವುದು, ತಾಯಿಗೆ ಒಗ್ಗಿದ ಮದ್ದು ಮಗುವಿಗೆ ಒಗ್ಗದೆ ಹೋದೀತೇ?

ಹಾಗಾಗಿ ಮುಡಿ ಕಟ್ಟುವ ದಿನ ಮೊದಲು ಬಿತ್ತದ ಭತ್ತಕ್ಕೆ ಅರ್ಧ ಡಬ್ಬಿ ಬೆರೆಸಿದ. ಆಮೇಲೆ ಹೆಂಡತಿ ದುಗ್ಗಮ್ಮ ಹಸುವಿನ ಹಟ್ಟಿಯ ಕಡೆ ಹೋದ ಸಮಯ ನೋಡಿ, ಬಸುರಿ ಮಗಳು ಲೋಲಾಕ್ಷಿಯ ಬಯಕೆ ಊಟಕ್ಕೆಂದು ತೆಗೆದಿಟ್ಟ ಅಕ್ಕಿಗೆ ಉಳಿದರ್ಧವನ್ನು ಸುರಿದು, ಕೈಯಾಡಿಸಿ, ಹಗ್ಗ ಬಿಗಿದು ಮುಡಿ ಕಟ್ಟಿದ. ಆ ಪುಡಿಗೆ ಮೂಗು ಹರಿದು ಹೋಗುವ ಘಾಟು ಎಂದು ಊರಿನವರು ಹೇಳುತ್ತಿದ್ದರು. ಕುಕ್ಕಪ್ಪನಿಗೆ ಅಂಥದ್ದೇನೂ ಅನಿಸಲಿಲ್ಲ. ಹರೆಯದಿಂದ ನಶ್ಯ ಏರಿಸಿದ ಮೂಗು, ಅದಕ್ಕೆ ಮಲ್ಲಿಗೆಯೂ ಒಂದೇ, ಹಟ್ಟಿಗೊಬ್ಬರವೂ ಒಂದೇ.

ಬಯಕೆಯ ದಿನ ಬೆಳಕು ಹರಿಯುವ ಮೊದಲೇ ದುಗ್ಗಮ್ಮ ನೆಂಟರೊಡನೆ ಮುಡಿ, ಸೀರೆ, ಹೂವು, ತಿಂಡಿ ಎಲ್ಲವನ್ನೂ ಗಾಡಿಗೆ ಹೇರಿ ಸವಣೂರಿಗೆ ಹೊರಟಳು. ತವರಿನ ಅಕ್ಕಿಯಲ್ಲಿ ಊಟವಾದ ಮೇಲೆ ಮಗಳನ್ನು ಹೆರಿಗೆಗೆ ಕರೆತರುವುದೆಂದು ಮಾತಾಗಿತ್ತು. ಕುಕ್ಕಪ್ಪ ಹಾಲು ಕರೆದು, ಹಸುವನ್ನು ನೆರೆಮನೆಗೆ ಒಪ್ಪಿಸಿ, ಹಿಂದಿನಿಂದ ಬರುವವನಿದ್ದ. ಅಷ್ಟರಲ್ಲಿ ಊರೂರು ಸುತ್ತಿ ಬಾಳೆಗೊನೆ ಕೊಂಡು ಸುಳ್ಯದ ಪೇಟೆಯಲ್ಲಿ ಮಾರುವ ಸುಲೈಮಾನ್ ಬ್ಯಾರಿ ಅಂಗಳದ ಬದಿಯಲ್ಲಿ ಗಾಡಿ ನಿಲ್ಲಿಸಿದ.

ಕುಕ್ಕಪ್ಪನಿಗೆ ಒಂದು ಸಂಗತಿಯನ್ನು ಯಾರಿಗಾದರೂ ಹೇಳದಿದ್ದರೆ ಉಂಡದ್ದು ಅರಗುವುದಿಲ್ಲ. ಒಳಗಿನಿಂದ ಖಾಲಿ ಡಬ್ಬಿ ತಂದು ತೋರಿಸಿ, ಈ ಸಲ ಬೀಗರ ಬಾಯಿ ಕಟ್ಟಿಸಿದ್ದೇನೆ ಎಂದ. ಡಬ್ಬಿಯ ಮೇಲೆ ಒಂದು ತಲೆಬುರುಡೆ, ಕೆಳಗೆ ಅಡ್ಡಡ್ಡವಾಗಿ ಎರಡು ಮೂಳೆ. ಸತ್ತ ಹುಳವನ್ನು ದೊಡ್ಡದು ಮಾಡಿ ಬರೆದಿದ್ದಾರೆಂದೇ ಅವನು ಇಷ್ಟು ದಿನ ತಿಳಿದಿದ್ದ.

ಸುಲೈಮಾನ್ ಡಬ್ಬಿಯನ್ನು ಮುಟ್ಟಲಿಲ್ಲ. ಮಲೆಯಾಳದ ಕಡೆಯಿಂದ ಬಂದ ಅವನ ಭಾವ ಮೊನ್ನೆಯಷ್ಟೇ ಒಂದು ಸುದ್ದಿ ಹೇಳಿ ಹೋಗಿದ್ದ. ಹಡಗಿನಲ್ಲಿ ಹಿಟ್ಟಿನ ಚೀಲಗಳ ಜೊತೆ ಹುಳ ಕೊಲ್ಲುವ ಮದ್ದನ್ನೂ ಹೇರಿದ್ದರಂತೆ, ಮದ್ದು ಸೋರಿ ಹಿಟ್ಟಿಗೆ ತಾಗಿತಂತೆ, ಆ ಹಿಟ್ಟು ತಿಂದು ಎಷ್ಟೋ ಜನ ತೀರಿಕೊಂಡರಂತೆ.

"ಗೌಡ್ರೆ, ಹುಳದ ಹೊಟ್ಟೆ ಬೇರೆ, ಮನುಷ್ಯನ ಹೊಟ್ಟೆ ಬೇರೆ ಅಂತ ಈ ಪುಡಿಗೆ ಗೊತ್ತುಂಟಾ?" ಎಂದು ಸುಲೈಮಾನ್ ಮೆಲ್ಲಗೆ ಕೇಳಿದ. "ಆ ಮುಡಿ ಈಗ ಎಲ್ಲಿ?"

ಕುಕ್ಕಪ್ಪ ಸವಣೂರು ಎಂದು ಹೇಳುವುದರೊಳಗೆ ಸುಲೈಮಾನ್ ಸುಳ್ಯಕ್ಕೆ ಹೊರಟಿದ್ದ ಎತ್ತುಗಳ ಮೂತಿಯನ್ನು ಆ ಕಡೆ ತಿರುಗಿಸಿ ಆಗಿತ್ತು. ಬಾಳೆಗೊನೆಯ ಗತಿಯೇನು ಎಂದರೆ, ಬಾಳೆಹಣ್ಣು ನಾಳೆಯೂ ಹಣ್ಣೇ, ನೀವು ಮೊದಲು ಹತ್ತಿ ಎಂದ.

ದಾರಿಯುದ್ದಕ್ಕೂ ಕುಕ್ಕಪ್ಪ ಗಾಡಿಯಲ್ಲಿ ಕೂತದ್ದಕ್ಕಿಂತ ಇಳಿದು ಓಡಿದ್ದೇ ಹೆಚ್ಚು. ಎತ್ತುಗಳು ನಿಧಾನ ಎಂದು ಇಳಿದು ಮುಂದೆ ಓಡುವುದು, ದಮ್ಮು ಕಟ್ಟಿ ನಿಂತಾಗ ಎತ್ತುಗಳು ಬಂದು ಹಿಡಿಯುವುದು, ಮತ್ತೆ ಹತ್ತುವುದು. ಬಾಳೆಗೊನೆಗಳ ನಡುವೆ ಕೂತಾಗಲೆಲ್ಲ ಅವನ ಕಣ್ಣಿಗೆ ಪುಟ್ಟ ಲೋಲಾಕ್ಷಿ ಬರುತ್ತಿದ್ದಳು. ಮುಡಿ ಬಿಚ್ಚಿದ ಕೂಡಲೇ ಒಂದು ಹಿಡಿ ಹಸಿ ಅಕ್ಕಿ ಬಾಯಿಗೆ ತುಂಬಿಕೊಳ್ಳುವುದು ಅವಳ ಅಭ್ಯಾಸ. ಅಕ್ಕಿ ತಿಂದರೆ ಮದುವೆಯ ದಿನ ಮಳೆ ಬರುತ್ತದೆ ಎಂದು ಅಮ್ಮ ಗದರಿದರೆ, ಬರಲಿ, ಅಪ್ಪ ಕೊಡೆ ಹಿಡಿಯುತ್ತಾನೆ ಎನ್ನುತ್ತಿದ್ದಳು. ಮದುವೆಯ ದಿನ ಮಳೆ ಬಂದೂ ಇತ್ತು, ಕುಕ್ಕಪ್ಪ ಕೊಡೆ ಹಿಡಿದೂ ಇದ್ದ. ಅದನ್ನು ನೆನೆದು ಅವನು ಸುಲೈಮಾನನಿಗೆ ಕಾಣದ ಹಾಗೆ ಬಾಳೆಗೊನೆಯ ಮರೆಯಲ್ಲಿ ಕಣ್ಣೊರೆಸಿಕೊಂಡ.

ಅವರು ತಲುಪುವಾಗ ಬೋಜಪ್ಪ ಗೌಡರ ಮನೆಯ ಹಿತ್ತಲಲ್ಲಿ ಅನ್ನಕ್ಕೆ ನೀರು ಕುದಿಯುತ್ತಿತ್ತು. ಕುಕ್ಕಪ್ಪನ ಮುಡಿ ನಡುಮನೆಯಲ್ಲಿತ್ತು. ಅದರ ಹಗ್ಗ ಕೊಯ್ಯಲು ಕತ್ತಿ ಹಿಡಿದು ನಿಂತವನು ನೆರೆಮನೆಯ ಕೂಸಪ್ಪ. ಯಾರ ಮನೆಯಲ್ಲಿ ಏನು ನಡೆದರೂ ಅದಕ್ಕೊಂದು ಕಾರಣ ಹೇಳದೆ ಬಿಡುವ ಮನುಷ್ಯ ಅಲ್ಲ ಅವನು.

ನಿಜ ಹೇಳೋಣವೆಂದೇ ಕುಕ್ಕಪ್ಪ ಬಾಯಿ ತೆರೆದ. ಆದರೆ ಸುತ್ತ ನಿಂತ ನೆಂಟರ ಮುಖ ನೋಡಿದ. ಬಸುರಿ ಮಗಳ ಊಟಕ್ಕೆ ಅಪ್ಪನೇ ವಿಷ ಬೆರೆಸಿ ಕಳುಹಿಸಿದ ಎಂದರೆ ನಾಳೆಯಿಂದ ಮಗಳು ಈ ಮನೆಯಲ್ಲಿ ತಲೆ ಎತ್ತುವುದು ಹೇಗೆ? ಬಾಯಿಂದ ಬೇರೆಯೇ ಮಾತು ಹೊರಟಿತು. ಆ ಅಕ್ಕಿ ಬೇಯಿಸಬಾರದು, ನಮಗೆ ಸೂತಕ ಬಂದಿದೆ ಎಂದ. ಯಾರು ತೀರಿಕೊಂಡದ್ದು ಎಂದು ಕೂಸಪ್ಪ ಕತ್ತಿ ಕೆಳಗಿಟ್ಟು ಕೇಳಿದ. ಕುಕ್ಕಪ್ಪ ಅವಸರದಲ್ಲಿ, ಬಹಳ ಕಾಲದಿಂದ ಎಲ್ಲೂ ಕಾಣದ ಕಡಬದ ಮುದಿ ಸಂಬಂಧಿಯೊಬ್ಬನ ಹೆಸರು ಹಿಡಿದ. ದೇರಣ್ಣಜ್ಜ ಹೋದರಂತೆ, ಪಾಪ, ಎಂದ.

ಜಗಲಿಯ ಮೂಲೆಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದ ಮುದುಕನೊಬ್ಬ ತಲೆಯೆತ್ತಿದ.

"ನಾನು ಯಾವಾಗ ಹೋದದ್ದು ಮಾರಾಯ?"

ನಡುಮನೆಯಲ್ಲಿ ನಗು ಎದ್ದಿತು. ಕೂಸಪ್ಪ ಮತ್ತೆ ಕತ್ತಿ ಎತ್ತಿಕೊಂಡ. ಇನ್ನು ಬೇರೆ ದಾರಿ ಕಾಣದೆ ಕುಕ್ಕಪ್ಪ ನೇರ ಹೋಗಿ ಮುಡಿಯ ಮೇಲೆ ಕೂತುಬಿಟ್ಟ.

ನಗು ಅಲ್ಲಿಗೆ ನಿಂತಿತು. ಕಾಲು ತಾಗಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಅಕ್ಕಿಮುಡಿ ಅದು. ಅದರ ಮೇಲೆ ಒಬ್ಬ ಗೃಹಸ್ಥ ಕಾವು ಕೂತ ಹೇಂಟೆಯಂತೆ ಕೂತದ್ದನ್ನು ಯಾರೂ ಕಂಡಿರಲಿಲ್ಲ. ಮೈಮೇಲೆ ದೈವ ಬಂದಿರಬೇಕು ಎಂದರು ಒಬ್ಬರು. ಬಿಸಿಲು ತಲೆಗೇರಿದೆ, ಮಜ್ಜಿಗೆ ಕೊಡಿ ಎಂದರು ಇನ್ನೊಬ್ಬರು. ಕುಕ್ಕಪ್ಪ ಮಜ್ಜಿಗೆಯನ್ನೂ ಕೂತಲ್ಲೇ ಕುಡಿದ. ಕೊನೆಗೆ ಕಾರಣ ಹುಡುಕಿದವನು ಕೂಸಪ್ಪನೇ. ಮುಡಿಯಲ್ಲಿ ಮತ್ತೆ ಹುಳ ಬಿದ್ದಿದೆ, ಬಿಚ್ಚಿದರೆ ಮರ್ಯಾದೆ ಹೋಗುತ್ತದೆ, ಅದಕ್ಕೇ ಈ ಆಟ ಎಂದ. ಎಲ್ಲರೂ ಕುಕ್ಕಪ್ಪನ ಮುಖ ನೋಡಿದರು.

"ಹೌದು, ಹುಳ ಉಂಟು," ಎಂದ ಕುಕ್ಕಪ್ಪ.

ಯಾವ ಮಾತಿಗೆ ಹೆದರಿ ಇಷ್ಟೆಲ್ಲ ಮಾಡಿದ್ದನೋ ಅದೇ ಮಾತನ್ನು ಅವನು ತನ್ನ ಬಾಯಿಂದಲೇ ಹೇಳಬೇಕಾಯಿತು. ಬೋಜಪ್ಪ ಗೌಡರು ದೊಡ್ಡ ಮನಸ್ಸು ಮಾಡಿ, ಪರವಾಗಿಲ್ಲ ಭಾವ, ನಮ್ಮ ಮುಡಿ ಉಂಟಲ್ಲ ಎಂದು ಒಳಗಿನಿಂದ ತಮ್ಮದೇ ಅಕ್ಕಿ ತರಿಸಿ ಒಲೆಗೆ ಹಾಕಿಸಿದರು. ಕುಕ್ಕಪ್ಪನ ಜೀವ ತಣ್ಣಗಾಯಿತು. ಆದರೂ ಯಾರಾದರೂ ಮುಡಿಯನ್ನು ಬಿಚ್ಚಿಯಾರು ಎಂದು ಏಳಲಿಲ್ಲ.

ಅನ್ನ ಬೆಂದು, ಎಲೆ ಹಾಕುವ ಹೊತ್ತಿಗೆ ದುಗ್ಗಮ್ಮ ಬಂದು ಗಂಡನ ಪಕ್ಕದಲ್ಲಿ ನೆಲಕ್ಕೆ ಕೂತಳು. ಎಂತ ಆಯ್ತು ನಿಮಗೆ ಎಂದು ಕೇಳಿದಳು. ಅವಳ ದನಿ ಕೇಳಿದ್ದೇ ಕುಕ್ಕಪ್ಪ ಎಲ್ಲವನ್ನೂ ಕಕ್ಕಿಬಿಟ್ಟ. ಡಬ್ಬಿ, ಬುರುಡೆ, ಮಲೆಯಾಳದ ಸುದ್ದಿ, ಏನನ್ನೂ ಮುಚ್ಚಿಡಲಿಲ್ಲ.

ದುಗ್ಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳುತ್ತಿದ್ದಾಳೆಂದು ಅವನು ಗಾಬರಿಯಾದ. ನೋಡಿದರೆ ಅವಳು ನಗುತ್ತಿದ್ದಳು.

"ನಮ್ಮ ಕೆಂಪು ಹೇಂಟೆಯನ್ನು ನರಿ ಹಿಡಿದದ್ದು ಅಂತ ಹೇಳಿದ್ದೆ ಅಲ್ಲವಾ? ನರಿ ಅಲ್ಲ. ನೀವು ಡಬ್ಬಿ ತಂದ ದಿನ ಜಗಲಿಗೆ ಚೆಲ್ಲಿದ್ದ ಪುಡಿ ಹೆಕ್ಕಿ ತಿಂದು ಸಂಜೆಗೆ ಕಾಲು ಮೇಲೆ ಮಾಡಿತು. ನಾನು ಪುಡಿಯನ್ನೆಲ್ಲ ಗುಂಡಿ ತೋಡಿ ಹೂತು, ಡಬ್ಬಿ ತಿಕ್ಕಿ ತೊಳೆದು, ಅಕ್ಕಿಹಿಟ್ಟು ತುಂಬಿಸಿ ಇಟ್ಟದ್ದು. ನೀವು ಅಷ್ಟು ಖುಷಿಯಲ್ಲಿ ತಂದದ್ದು, ಬೇಜಾರಾಗ್ತದೆ ಅಂತ ಹೇಳ್ಲಿಲ್ಲ."

ಕುಕ್ಕಪ್ಪ ಎದ್ದು ನಿಂತ. ಮುಡಿಯ ಹಗ್ಗ ಕೊಯ್ದು ಬೈಹುಲ್ಲು ಸರಿಸಿದ. ಒಳಗಿಂದ ಕರಿಯ ಹುಳಗಳು ಸೊಂಡಿಲು ಆಡಿಸುತ್ತ, ಹಿಟ್ಟು ತಿಂದು ಕೊಬ್ಬಿ, ಸಾಲುಸಾಲಾಗಿ ಹೊರಬಂದವು. ಒಂದು ಅವನ ಬೆರಳು ಹತ್ತಿ ಮೊಣಕೈವರೆಗೆ ನಡೆಯಿತು. ಜೀವದಿಂದಿರುವ ಹುಳವನ್ನು ಕುಕ್ಕಪ್ಪ ಜನ್ಮದಲ್ಲಿ ಅಷ್ಟು ಪ್ರೀತಿಯಿಂದ ನೋಡಿದ್ದಿಲ್ಲ.

ಊಟಕ್ಕೆ ಎಬ್ಬಿಸಲು ಬಂದ ಬೋಜಪ್ಪ ಗೌಡರು ಇದನ್ನು ಕಂಡು ಮೀಸೆಯೊಳಗೆ ನಕ್ಕರು.

"ಅದನ್ನೆಂತ ಮುದ್ದು ಮಾಡುದು ಭಾವ? ನಮ್ಮ ಅಕ್ಕಿ ನೋಡಿ, ಮದ್ದಿಗೆ ಬೇಕೆಂದರೂ ಒಂದು ಹುಳ ಸಿಕ್ಲಿಕ್ಕಿಲ್ಲ. ಗ್ರಾಮಸೇವಕ ಕೊಟ್ಟ ಪುಡಿ. ನಿಮ್ಮದರಲ್ಲಿ ಮತ್ತೆ ಹುಳ ಬಿದ್ದರೆ ಲೋಲಾಕ್ಷಿಯ ಬಯಕೆಗೆ ಬೇಕಾದೀತು ಅಂತ ನಾನು ಒಂದು ಹಿಡಿ ಹೆಚ್ಚೇ ಹಾಕಿ ಕಟ್ಟಿಸಿದ್ದು."

ಮಾಡಿನ ಕೆಳಗೆ ಅವರು ಕೈತೋರಿಸಿದ ಹಲಗೆಯ ಮೇಲೆ ಅದೇ ಡಬ್ಬಿ, ಅದೇ ಬುರುಡೆ ಹಲ್ಲು ಕಿಸಿದು ಕೂತಿತ್ತು.

ಬಯಕೆಯೂಟದಲ್ಲಿ ಮೊದಲ ತುತ್ತು ಬಸುರಿಯದ್ದು. ಅವಳು ಉಂಡ ಮೇಲೆಯೇ ಉಳಿದವರು ಎಲೆಗೆ ಕೈ ಹಾಕುವುದು. ಚಾವಡಿಯಲ್ಲಿ ಲೋಲಾಕ್ಷಿ ಜಡೆ ತುಂಬ ಹೂ ಮುಡಿದು ತುತ್ತು ಕಲಸಿ ಬಾಯಿಯ ಹತ್ತಿರ ತಂದಿದ್ದಳು. ಕುಕ್ಕಪ್ಪ ಎಲೆಗಳನ್ನು ದಾಟಿ, ಪಾಯಸದ ಪಾತ್ರೆಯನ್ನು ಉರುಳಿಸಿ, ಮಗಳ ಮಣಿಕಟ್ಟು ಹಿಡಿದ.

"ಉಣ್ಬೇಡ ಮಗಳೇ. ಅನ್ನದಲ್ಲಿ ವಿಷ ಉಂಟು."

ಕೂಸಪ್ಪ, ಇವತ್ತು ಅವರ ಮಂಡೆ ಸರಿ ಇಲ್ಲ, ಬದುಕಿದವರನ್ನು ಕೊಂದರು, ಅಕ್ಕಿಯ ಮೇಲೆ ಕೂತರು, ಈಗ ಇದು ಎಂದ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಬೋಜಪ್ಪ ಗೌಡರ ಮುಖ ಕೆಂಪಾಯಿತು. ಈ ಬಾರಿ ಕುಕ್ಕಪ್ಪ ಮಾನದ ಚಿಂತೆ ಬಿಟ್ಟು, ತಾನು ಮಾಡಿದ ತಪ್ಪನ್ನೂ ಬೀಗರದ್ದನ್ನೂ ಎಲ್ಲರೆದುರು ಹೇಳಿದ. ದುಗ್ಗಮ್ಮ ಹೇಂಟೆಯ ಕತೆ ಹೇಳಿದಳು. ಬಾಗಿಲಲ್ಲಿ ನಿಂತಿದ್ದ ಸುಲೈಮಾನ್ ಹೌದೆಂದು ತಲೆಯಾಡಿಸಿದ. ಆದರೂ ಯಾರೂ ಏಳಲಿಲ್ಲ.

ಲೋಲಾಕ್ಷಿ ಅಪ್ಪನ ಮುಖ ನೋಡಿದಳು. ಕಲಸಿದ ತುತ್ತನ್ನು ಎಲೆಗೆ ಬಿಟ್ಟು, ಎಲೆ ಮಡಚಿ, ಕೈ ತೊಳೆದುಕೊಂಡಳು.

"ಮಾವ, ಅಪ್ಪ ತಂದ ಅಕ್ಕಿಯೇ ಆಗ್ಲಿ. ಹುಳ ಹೆಕ್ಕಿದ್ರೆ ಆಯ್ತಲ್ಲ," ಎಂದಳು.

ಬೋಜಪ್ಪ ಗೌಡರು ಸೊಸೆಯ ಹೊಟ್ಟೆಯ ಕಡೆ ನೋಡಿದರು. ಒಂದು ಹಿಡಿ ಹೆಚ್ಚೇ ಹಾಕಿದ್ದೆ ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಹಾರೆ ಹಿಡಿದು ಹೋಗಿ ತಾವೇ ಗುಂಡಿ ತೋಡಿ ಅನ್ನ, ಮುಡಿ, ಡಬ್ಬಿ ಮೂರನ್ನೂ ಹೂತರು. ಒಳಗೆ ಬಂದು ಒಂದು ಗೆರಸೆ ಎಳೆದುಕೊಂಡು ಕುಕ್ಕಪ್ಪನ ಅಕ್ಕಿಯಿಂದ ಹುಳ ಹೆಕ್ಕಲು ಕೂತರು. ಅವರು ಕೂತದ್ದೇ ಊರಿಗೆ ಊರೇ ಕೂತಿತು. ದೇರಣ್ಣಜ್ಜನೂ ಕನ್ನಡಕ ಏರಿಸಿಕೊಂಡ. ಮಧ್ಯಾಹ್ನದ ಊಟ ಸಂಜೆಗೆ ಆಯಿತು. ಲೋಲಾಕ್ಷಿ ಮೂರು ಸಲ ಅನ್ನ ಹಾಕಿಸಿಕೊಂಡು ಉಂಡಳು.

ಹೊರಡುವಾಗ ಬೋಜಪ್ಪ ಗೌಡರು ಗಾಡಿಯವರೆಗೆ ಬಂದರು. ಸೊಸೆಯನ್ನು ಜೋಪಾನವಾಗಿ ಹತ್ತಿಸಿ ಕುಕ್ಕಪ್ಪನ ಹೆಗಲ ಮೇಲೆ ಕೈಯಿಟ್ಟರು.

"ಭಾವ, ನಿಮ್ಮ ಅಕ್ಕಿ ಈ ಸಲವೂ ನಡೆದೇ ಬಂತು. ಬಂದದ್ದು ಒಳ್ಳೆದಾಯ್ತು," ಎಂದರು.

ಕುಕ್ಕಪ್ಪನ ಎದೆ ತುಂಬಿತು. ಬಾಳೆಗೊನೆಗಳ ನಡುವೆ ಮಗಳು ಒಂದು ಕಡೆ, ಹೆಂಡತಿ ಒಂದು ಕಡೆ, ಗಾಡಿ ಮನೆಯ ದಾರಿ ಹಿಡಿದಿತ್ತು. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಇನ್ನೇನು ಮಳೆ ಬೀಳುತ್ತದೆ, ಗದ್ದೆಗೆ ಬಿತ್ತಬೇಕು ಎಂದುಕೊಂಡವನು ತಟ್ಟನೆ ನೆಟ್ಟಗೆ ಕೂತ.

"ದುಗ್ಗಮ್ಮ, ಬಿತ್ತದ ಮುಡಿಗೂ ನಾನು ಹಾಕಿದ್ದು ಅದೇ ಡಬ್ಬಿಯಿಂದ."

ದುಗ್ಗಮ್ಮ ಎತ್ತಿನ ಬಾಲವನ್ನು ನೋಡತೊಡಗಿದಳು. ಮನೆಯ ಅಟ್ಟದಲ್ಲಿ, ವರ್ಷದ ಬೆಳೆಗೆಂದು ಕಾದಿರಿಸಿದ ಬಿತ್ತದೊಳಗೆ, ಹುಳಗಳು ಅಕ್ಕಿಹಿಟ್ಟು ಮುಗಿಸಿ ಈಗ ಭತ್ತಕ್ಕೆ ಕೈ ಹಾಕಿರಬಹುದು. ಲೋಲಾಕ್ಷಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು, ಅಪ್ಪನ ಹೆಗಲಿಗೆ ಒರಗಿ ನಕ್ಕಳು.

ಕುಕ್ಕಪ್ಪ ನಶ್ಯದ ಡಬ್ಬಿ ತೆಗೆದು ಒಂದು ಚಿಟಿಕೆ ಏರಿಸಿದ. ಬಿತ್ತ ಬೇಕೆಂದರೆ ಇನ್ನು ಭಾವನ ಮನೆಗೇ ಬರಬೇಕು. ಬಿತ್ತ ಎತ್ತ ನಡೆದು ಹೋಯಿತು ಭಾವ ಎಂದು ನಾಳೆ ಅವರು ಜಗಲಿಯಲ್ಲಿ ಕೂತು ಕೇಳುತ್ತಾರೆಂದು ಅವನಿಗೆ ಈಗಲೇ ಗೊತ್ತಿತ್ತು.